ತೋಟಗಳಲ್ಲಿ ಮಿತ ನೀರಾವರಿ ಮತ್ತು ಹೊದಿಕೆ: ದಾವಣಗೆರೆ–ಹರಿಹರ ಪ್ರದೇಶ

ಗಿಡದ ಬೇರುವಲಯಕ್ಕೆ ಬೇಕಾದಷ್ಟೇ ನೀರನ್ನು ನಿಧಾನವಾಗಿ ಒದಗಿಸಿ, ಆ ನೀರು ಬಿಸಿಲಿಗೆ ಆರಿಹೋಗದಂತೆ ನೆಲವನ್ನು ಮುಚ್ಚಿಡುವ ತೋಟಗಾರಿಕೆ ಪದ್ಧತಿಗೆ ಮಿತ ನೀರಾವರಿ ಮತ್ತು ಹೊದಿಕೆ ಎನ್ನುತ್ತಾರೆ. ಮಧ್ಯ ಕರ್ನಾಟಕದ ದಾವಣಗೆರೆ ಮತ್ತು ಹರಿಹರದ ಸುತ್ತಲಿನ ದಾಳಿಂಬೆ, ಮಾವು, ಬಾಳೆ, ಪಪ್ಪಾಯಿ, ಸಪೋಟ, ಪೇರಲ ತೋಟಗಳಲ್ಲಿ ಇದರ ಮುಖ್ಯ ರೂಪ ಹನಿ ನೀರಾವರಿ. ಅಡಿಕೆ ಮತ್ತು ತೆಂಗು ಹಣ್ಣಿನ ಬೆಳೆಗಳ ವರ್ಗಕ್ಕೆ ಸೇರುವುದಿಲ್ಲ. ಆದರೂ ಈ ಪ್ರದೇಶದ ತೋಟದ ನೀರಿನಲ್ಲಿ ದೊಡ್ಡ ಪಾಲು ಅವಕ್ಕೇ ಹೋಗುವುದರಿಂದ ಅವನ್ನು ಬಿಟ್ಟು ವಿಷಯ ಪೂರ್ತಿಯಾಗದು.

ಈ ಲೇಖನದಲ್ಲಿ ಹೊದಿಕೆ ಎಂದರೆ ಗಿಡದ ಬುಡದ ಸುತ್ತ ನೆಲದ ಮೇಲೆ ಹರಡುವ ಹುಲ್ಲು, ಎಲೆ, ಸಿಪ್ಪೆ, ಪ್ಲಾಸ್ಟಿಕ್ ಹಾಳೆ ಅಥವಾ ನೆಲ ಮುಚ್ಚುವ ಬಳ್ಳಿ ಬೆಳೆ. ರೈತರು ಪ್ಲಾಸ್ಟಿಕ್ ಹಾಳೆಯನ್ನು ಮಲ್ಚಿಂಗ್ ಪೇಪರ್ ಎಂದೂ, ನೈಸರ್ಗಿಕ ಕೃಷಿಯವರು ಹೊದಿಕೆಯನ್ನು ಆಚ್ಛಾದನ ಎಂದೂ ಕರೆಯುತ್ತಾರೆ. ಪಾತಿ ಎಂದರೆ ಮರದ ಬುಡದ ಸುತ್ತ ಮಾಡಿದ ದುಂಡನೆಯ ಮಡಿ. ಹನಿ ನೀರಿನ ಜೊತೆಗೇ ಕರಗಿದ ಗೊಬ್ಬರ ಕೊಡುವುದು ರಸಾವರಿ.

ಪ್ರದೇಶ ಮತ್ತು ನೀರಿನ ಮೂಲಗಳು

ದಾವಣಗೆರೆ ಜಿಲ್ಲೆ 1997ರ ಆಗಸ್ಟ್ 15ರಂದು ರಚನೆಯಾಯಿತು. ಹರಪನಹಳ್ಳಿ ತಾಲ್ಲೂಕು 2018ರಲ್ಲಿ ಬಳ್ಳಾರಿ ಜಿಲ್ಲೆಗೆ ಮರಳಿ ಸೇರಿದ ಮೇಲೆ ದಾವಣಗೆರೆ, ಹರಿಹರ, ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಮತ್ತು ಜಗಳೂರು ತಾಲ್ಲೂಕುಗಳು ಉಳಿದವು. ರಾಜ್ಯದ ಕೃಷಿ ಹವಾಮಾನ ವಿಂಗಡಣೆಯಲ್ಲಿ ದಾವಣಗೆರೆ, ಹರಿಹರ ಮತ್ತು ಜಗಳೂರು ಮಧ್ಯ ಒಣವಲಯದಲ್ಲಿವೆ. ಚನ್ನಗಿರಿ ಮತ್ತು ಹೊನ್ನಾಳಿ ದಕ್ಷಿಣ ಸಂಕ್ರಮಣ ವಲಯದಲ್ಲಿವೆ. ದಾವಣಗೆರೆ ನಗರದ ಸುತ್ತ ವರ್ಷಕ್ಕೆ ಸುಮಾರು 600ರಿಂದ 650 ಮಿ.ಮೀ. ಮಳೆ ಬೀಳುತ್ತದೆ. ಜಗಳೂರಿನ ಕಡೆ ಮಳೆ ಇನ್ನೂ ಕಡಿಮೆ, ಚನ್ನಗಿರಿಯ ಪಶ್ಚಿಮಕ್ಕೆ ಹೋದಂತೆ ಹೆಚ್ಚು.

ನೀರಿನ ದೃಷ್ಟಿಯಿಂದ ಈ ನಾಡು ಎರಡು ಪಾಲು. ಮೊದಲನೆಯದು ಭದ್ರಾ ಅಚ್ಚುಕಟ್ಟು. ಲಕ್ಕವಳ್ಳಿಯ ಭದ್ರಾ ಜಲಾಶಯದ ಬಲದಂಡೆ ನಾಲೆ ಚನ್ನಗಿರಿ, ಹೊನ್ನಾಳಿ, ದಾವಣಗೆರೆ, ಹರಿಹರ ತಾಲ್ಲೂಕುಗಳ ಭತ್ತದ ಗದ್ದೆಗಳಿಗೂ ತೋಟಗಳಿಗೂ ನೀರುಣಿಸುತ್ತದೆ. ಮಲೇಬೆನ್ನೂರು ಮತ್ತು ಹರಿಹರ ಕಡೆಯ ಹಳ್ಳಿಗಳು ನಾಲೆಯ ಕೊನೆಭಾಗದಲ್ಲಿರುವುದರಿಂದ ಮೇಲಿನವರು ಬಿಟ್ಟ ನೀರನ್ನೇ ನೆಚ್ಚಬೇಕು. ಸೂಳೆಕೆರೆಯಿಂದ, ಅಂದರೆ ಶಾಂತಿಸಾಗರದಿಂದ, ಹೊರಡುವ ಹರಿದ್ರಾ ಹಳ್ಳ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ನದಿದಂಡೆಯ ತೋಟಗಳಿಗೆ ಪಂಪ್‌ಸೆಟ್ ನೀರಿದೆ.

ಎರಡನೆಯ ಪಾಲು ನಾಲೆಯ ಆಚೆಗಿನ ನೆಲ: ಜಗಳೂರು ತಾಲ್ಲೂಕು, ದಾವಣಗೆರೆ ತಾಲ್ಲೂಕಿನ ಮಾಯಕೊಂಡ ಮತ್ತು ಆನಗೋಡು ಹೋಬಳಿಗಳ ಬಹುಭಾಗ. ಇಲ್ಲಿ ಕೊಳವೆಬಾವಿಯೇ ಆಧಾರ. ರೈತರು ಬಾವಿಯ ಶಕ್ತಿಯನ್ನು ಒಂದೂವರೆ ಇಂಚು, ಎರಡು ಇಂಚು ಎಂದು ಅಳೆಯುತ್ತಾರೆ. ಬೇಸಿಗೆಯಲ್ಲಿ ಆ ಅಳತೆ ಇಳಿಯುತ್ತದೆ. ರಾಜನಹಳ್ಳಿಯ ಬಳಿ ತುಂಗಭದ್ರೆಯಿಂದ ನೀರೆತ್ತಿ 22 ಕೆರೆಗಳನ್ನು ತುಂಬಿಸುವ ಯೋಜನೆಯೂ, ದೀಟೂರಿನ ಬಳಿ ನೀರೆತ್ತಿ ಜಗಳೂರು ಸೀಮೆಯ 57 ಕೆರೆಗಳನ್ನು ತುಂಬಿಸುವ ಯೋಜನೆಯೂ ಈ ಒಣಭಾಗಕ್ಕಾಗಿಯೇ ರೂಪುಗೊಂಡವು. ಕೆರೆಯಲ್ಲಿ ನಿಂತ ನೀರು ಇಂಗಿ ಸುತ್ತಲಿನ ಕೊಳವೆಬಾವಿಗಳಿಗೆ ಸೇರುತ್ತದೆ. ಹೀಗಾಗಿ ಹರಿಹರದ ನದಿಯ ನೀರೇ ಜಗಳೂರಿನ ದಾಳಿಂಬೆ ಗಿಡದ ಬುಡದಲ್ಲಿ ಹನಿಯಾಗಿ ಬೀಳುವ ಸಾಧ್ಯತೆ ಹುಟ್ಟಿದೆ.

ಮಣ್ಣೂ ಎರಡು ಬಗೆ. ನದಿ ಬಯಲಿನಲ್ಲಿ ಎರೆ (ಕಪ್ಪು ಮಣ್ಣು) ಹೆಚ್ಚು, ಒಣಭಾಗದಲ್ಲಿ ಹೆಚ್ಚಾಗಿ ಕೆಂಪು ಮರಳುಮಿಶ್ರಿತ ಮಣ್ಣು. ಹನಿ ನೀರು ಎರೆಯಲ್ಲಿ ಅಗಲಕ್ಕೆ ಹಬ್ಬುತ್ತದೆ, ಮರಳುಮಣ್ಣಿನಲ್ಲಿ ನೇರ ಕೆಳಗಿಳಿಯುತ್ತದೆ. ಕೊಳವೆಗಳ ಅಂತರ, ಹನಿ ಬಿಡುವ ಡ್ರಿಪ್ಪರ್‌ಗಳ ಸಂಖ್ಯೆ, ನೀರು ಬಿಡುವ ಹೊತ್ತು ಎಲ್ಲವೂ ಈ ವ್ಯತ್ಯಾಸದ ಮೇಲೆ ನಿಂತಿವೆ.

ಹಿನ್ನೆಲೆ

ಬೇರಿನ ಬಳಿಗೇ ನೀರು ತಲುಪಿಸುವ ಯೋಚನೆ ಹಳೆಯದು. ಸುಟ್ಟ, ಆದರೆ ಮೆರುಗಿಲ್ಲದ ಮಣ್ಣಿನ ಮಡಕೆಯನ್ನು ಬಾಯಿಯವರೆಗೆ ಹೂತಿಟ್ಟು ಅದರಿಂದ ನೀರು ಜಿನುಗಿಸುವ ಕ್ರಮವನ್ನು ಕ್ರಿ.ಪೂ. 1ನೆಯ ಶತಮಾನದ ಚೀನೀ ಕೃಷಿಗ್ರಂಥವೊಂದು ವರ್ಣಿಸುತ್ತದೆ. ಕರ್ನಾಟಕದ ಒಣಸೀಮೆಯಲ್ಲಿ ಎಳೆ ಮಾವು, ತೆಂಗಿನ ಸಸಿಗಳನ್ನು ಬದುಕಿಸಲು ಗಡಿಗೆ ನೀರಾವರಿ ಬಳಕೆಯಲ್ಲಿದೆ. ಆಧುನಿಕ ಹನಿ ನೀರಾವರಿಯ ಡ್ರಿಪ್ಪರನ್ನು ರೂಪಿಸಿದವರು ಇಸ್ರೇಲಿನ ನೀರಾವರಿ ಎಂಜಿನಿಯರ್ ಸಿಮ್ಹಾ ಬ್ಲಾಸ್. ನೆಗೆವ್ ಮರುಭೂಮಿಯ ಹಟ್ಸೆರಿಂ ಎಂಬ ಸಾಮೂಹಿಕ ಕೃಷಿಗ್ರಾಮದಲ್ಲಿ 1965ರಲ್ಲಿ ನೆಟಾಫಿಮ್ ಕಂಪನಿ ಆರಂಭವಾಗಿ ಅದನ್ನು ಮಾರುಕಟ್ಟೆಗೆ ತಂದಿತು. ಭಾರತದಲ್ಲಿ ಈ ವಿಧಾನ 1980ರ ದಶಕದಿಂದ ಹರಡಿತು. ಮಹಾರಾಷ್ಟ್ರದ ದ್ರಾಕ್ಷಿ, ಬಾಳೆ, ದಾಳಿಂಬೆ ತೋಟಗಳು ಅದರ ಮುಂಚೂಣಿ. ದಾವಣಗೆರೆ ಸೀಮೆಗೆ ‘ಭಗವಾ’ ದಾಳಿಂಬೆ ತಳಿಯೂ ಹನಿ ಕೊಳವೆಯೂ ಉತ್ತರದ ಕಡೆಯಿಂದಲೇ ಬಂದವು. ಪ್ಲಾಸ್ಟಿಕ್ ಹಾಳೆಯನ್ನು ಹೊದಿಕೆಯಾಗಿ ಬಳಸುವ ಪ್ರಯೋಗಗಳು 1950ರ ದಶಕದಲ್ಲಿ ಅಮೆರಿಕ ಮತ್ತು ಜಪಾನಿನಲ್ಲಿ ಬಲಗೊಂಡವು.

ಕರ್ನಾಟಕದಲ್ಲಿ ಹೊದಿಕೆಯ ನಿಜವಾದ ಪರಂಪರೆ ಇರುವುದು ಮಲೆನಾಡಿನ ಅಡಿಕೆ ತೋಟದಲ್ಲಿ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಹಕ್ಕು ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಬೆಟ್ಟದ ಸೊಪ್ಪು ಮತ್ತು ದರಗು (ಒಣ ಎಲೆ) ತೋಟದ ನೆಲ ಮುಚ್ಚುತ್ತಿದ್ದವು, ಕೊಟ್ಟಿಗೆಯ ಮೂಲಕ ಗೊಬ್ಬರವೂ ಆಗುತ್ತಿದ್ದವು. ಭದ್ರಾ ನಾಲೆಯ ನೀರು ಬಂದ ಮೇಲೆ ಅಡಿಕೆ ಚನ್ನಗಿರಿ, ಹೊನ್ನಾಳಿ, ದಾವಣಗೆರೆ, ಹರಿಹರದ ಬಯಲಿಗೆ ಇಳಿದು ಭತ್ತದ ಗದ್ದೆಗಳನ್ನೂ ಆವರಿಸಿತು. ಮರ ಬಯಲಿಗೆ ಬಂತು, ಸೊಪ್ಪಿನ ಬೆಟ್ಟ ಬರಲಿಲ್ಲ. ಬಯಲುಸೀಮೆಯ ತೋಟದ ನೆಲ ಬರಿದಾಗಿರುವುದಕ್ಕೆ, ಅದರಿಂದ ನೀರಿನ ಬೇಡಿಕೆ ಏರಿರುವುದಕ್ಕೆ ಇದು ಮೂಲ ಕಾರಣಗಳಲ್ಲಿ ಒಂದು.

ಹನಿ ನೀರಾವರಿಯ ರಚನೆ

ಪಂಪ್, ಫಿಲ್ಟರ್, ಗೊಬ್ಬರ ತೊಟ್ಟಿ ಅಥವಾ ಗೊಬ್ಬರ ಹೀರಿ ನೀರಿಗೆ ಸೇರಿಸುವ ವೆಂಚುರಿ, ಮುಖ್ಯ ಕೊಳವೆ, ಉಪಮುಖ್ಯ ಕೊಳವೆ, ಗಿಡದ ಸಾಲಿನುದ್ದಕ್ಕೂ ಸಾಗುವ ಲ್ಯಾಟರಲ್ ಪೈಪು ಮತ್ತು ಡ್ರಿಪ್ಪರ್ ಇದರ ಅಂಗಗಳು. ಮುಖ್ಯ ಮತ್ತು ಉಪಮುಖ್ಯ ಕೊಳವೆಗಳು ಸಾಮಾನ್ಯವಾಗಿ ಪಿವಿಸಿಯವು, ನೆಲದೊಳಗೆ ಹೂಳುತ್ತಾರೆ. ಲ್ಯಾಟರಲ್ ಕಪ್ಪು ಪಾಲಿಥಿನ್‌ನದು, ಹೆಚ್ಚಾಗಿ 12 ಅಥವಾ 16 ಮಿ.ಮೀ. ವ್ಯಾಸದ್ದು. ಒಂದು ಡ್ರಿಪ್ಪರ್ ಗಂಟೆಗೆ 2, 4 ಅಥವಾ 8 ಲೀಟರ್ ಬಿಡುತ್ತದೆ. ಬಾಳೆ, ಪಪ್ಪಾಯಿಯಂಥ ಒತ್ತು ಸಾಲಿನ ಬೆಳೆಗೆ ಕೊಳವೆಯೊಳಗೇ ಡ್ರಿಪ್ಪರ್ ಕೂರಿಸಿದ ಇನ್‌ಲೈನ್ ಪೈಪು ಹೊಂದುತ್ತದೆ. ಮಾವು, ಸಪೋಟ, ತೆಂಗಿನಂಥ ವಿರಳ ಮರಗಳಿಗೆ ಬುಡದ ಸುತ್ತ ಉಂಗುರವಾಗಿ ಹಾಯಿಸಿ ಹೊರಗಿನಿಂದ ಡ್ರಿಪ್ಪರ್ ಚುಚ್ಚುತ್ತಾರೆ. ಡ್ರಿಪ್ಪರ್‌ಗೆ ಭಾರತೀಯ ಮಾನಕ 13487, ಲ್ಯಾಟರಲ್ ಪೈಪಿಗೆ 12786 ಅನ್ವಯಿಸುತ್ತವೆ.

ವ್ಯವಸ್ಥೆ ಬಾಳುವುದು ಫಿಲ್ಟರಿನಿಂದ. ಮರಳು ಬರುವ ಕೊಳವೆಬಾವಿಗೆ ಹೈಡ್ರೊಸೈಕ್ಲೋನ್ ಮತ್ತು ಜಾಲರಿ ಫಿಲ್ಟರ್ ಬೇಕು. ನದಿ, ನಾಲೆ, ಕೃಷಿಹೊಂಡದ ನೀರಿನಲ್ಲಿ ಪಾಚಿ ಮತ್ತು ರೇವೆ ಇರುವುದರಿಂದ ಮರಳು ಫಿಲ್ಟರ್ ಅಥವಾ ಡಿಸ್ಕ್ ಫಿಲ್ಟರ್ ಬೇಕು. ಹರಿಹರದ ನದಿದಂಡೆಯ ತೋಟಕ್ಕೆ ಜಗಳೂರಿನ ಕೊಳವೆಬಾವಿಯ ಫಿಲ್ಟರ್ ಹೊಂದುವುದಿಲ್ಲ. ಗಡಸು ನೀರಿನ ಬಾವಿಯಲ್ಲಿ ಡ್ರಿಪ್ಪರ್ ಬಾಯಿಗೆ ಬಿಳಿಯ ಸುಣ್ಣದುಪ್ಪು ಕಟ್ಟುತ್ತದೆ. ಅದನ್ನು ಕರಗಿಸಲು ಹೈಡ್ರೊಕ್ಲೋರಿಕ್ ಆಮ್ಲ ಸೇರಿಸಿ ನೀರಿನ ರಸಸಾರವನ್ನು 4ರ ಹತ್ತಿರಕ್ಕೆ ಇಳಿಸಿ, ಕೊಳವೆಗಳಲ್ಲಿ ನಿಲ್ಲಿಸಿ, ಆಮೇಲೆ ಲ್ಯಾಟರಲ್ ತುದಿ ಬಿಚ್ಚಿ ತೊಳೆಯುತ್ತಾರೆ. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕೆ ಹಾಕಬಾರದು. ಪಾಚಿಗೆ ಕ್ಲೋರಿನ್ ಉಪಚಾರವಿದೆ. ಆಮ್ಲ ಮತ್ತು ಕ್ಲೋರಿನನ್ನು ಒಟ್ಟಿಗೆ ಬೆರೆಸಿದರೆ ವಿಷಾನಿಲ ಹುಟ್ಟುತ್ತದೆ.

ನಾಲೆ ನೀರಿಗೆ ಹನಿ ವ್ಯವಸ್ಥೆ ಜೋಡಿಸುವುದು ಇನ್ನೊಂದು ಕೆಲಸ. ನಾಲೆಯಲ್ಲಿ ನೀರು ಸರದಿಯಂತೆ ಬರುತ್ತದೆ, ಬೆಳೆಗಳ ನಡುವೆ ನಿಲ್ಲುತ್ತದೆ. ಹನಿ ನೀರಾವರಿಗೆ ದಿನವೂ ಅಥವಾ ದಿನ ಬಿಟ್ಟು ದಿನ ಒತ್ತಡದ ನೀರು ಬೇಕು. ಈ ಎರಡರ ನಡುವೆ ಹೊಂಡ ಇರಲೇಬೇಕು. 2014ರಲ್ಲಿ ಆರಂಭವಾದ ರಾಜ್ಯದ ಕೃಷಿಭಾಗ್ಯ ಯೋಜನೆ ಪಾಲಿಥಿನ್ ಹೊದಿಸಿದ ಕೃಷಿಹೊಂಡಗಳನ್ನು ಒಣಬೇಸಾಯದ ಮಳೆನೀರಿಗಾಗಿ ತಂದಿತು. ನಾಲೆಯ ಕೊನೆಭಾಗದ ತೋಟಗಾರರಿಗೂ ಅಂಥ ಹೊಂಡವೇ ಹನಿ ನೀರಾವರಿಗೆ ದಾರಿ.

ನೀರಿನ ಲೆಕ್ಕ

ಮರದ ದಿನದ ನೀರನ್ನು ಲೆಕ್ಕ ಹಾಕುವ ಸರಳ ಸೂತ್ರ ಹೀಗಿದೆ: ಬಾಷ್ಪಮಾಪಕದ ದಿನದ ಆವಿ, ಮಾಪಕದ ಗುಣಾಂಕ, ಬೆಳೆಯ ಗುಣಾಂಕ ಮತ್ತು ಮರದ ನೆರಳು ಬೀಳುವ ಜಾಗ, ಇವನ್ನು ಗುಣಿಸುವುದು. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ನೀರು ಎಂದರೆ ಒಂದು ಲೀಟರ್. ದಿನಕ್ಕೆ 6 ಮಿ.ಮೀ. ಆವಿಯಾಗುವ ದಿನಗಳಲ್ಲಿ, ಮಾಪಕದ ಗುಣಾಂಕ 0.7, ಬೆಳೆಯ ಗುಣಾಂಕ 0.8, ನೆರಳು 10 ಚದರ ಮೀಟರ್ ಇದ್ದರೆ 33.6 ಲೀಟರ್ ಬೇಕು. ವ್ಯವಸ್ಥೆಯ ದಕ್ಷತೆ ಶೇ 90 ಎಂದಿಟ್ಟುಕೊಂಡರೆ ಸುಮಾರು 37 ಲೀಟರ್ ಕೊಡಬೇಕು. ಮರಕ್ಕೆ 4 ಲೀಟರಿನ ನಾಲ್ಕು ಡ್ರಿಪ್ಪರ್ ಇದ್ದರೆ ಎರಡು ಗಂಟೆ ಇಪ್ಪತ್ತು ನಿಮಿಷ ಸಾಕು. ಎಳೆ ಗಿಡದ ನೆರಳು ಚಿಕ್ಕದು, ನೀರೂ ಅಷ್ಟೇ ಕಡಿಮೆ. ಎಳೆ ಗಿಡಕ್ಕೂ ಬೆಳೆದ ಮರಕ್ಕೂ ಒಂದೇ ಹೊತ್ತು ಪಂಪ್ ಓಡಿಸುವ ರೂಢಿಯಲ್ಲಿ ನೀರು ಬೇರಿನ ಆಳ ದಾಟಿ ಗೊಬ್ಬರವನ್ನೂ ಕೊಚ್ಚಿಕೊಂಡು ಇಳಿಯುತ್ತದೆ. ಹನಿ ಕೊಳವೆ ಇದ್ದ ಮಾತ್ರಕ್ಕೆ ನೀರು ಉಳಿಯುವುದಿಲ್ಲ. ಉಳಿಸುವುದು ಈ ಲೆಕ್ಕ.

ಸಾಲು ಅಥವಾ ಮಡಿಗೆ ಹಾಯಿಸಿದ ನೀರಿನಲ್ಲಿ ಬೇರಿಗೆ ದಕ್ಕುವುದು ಸಾಮಾನ್ಯವಾಗಿ ಅರ್ಧದ ಆಸುಪಾಸು. ಚೆನ್ನಾಗಿ ನಡೆಯುವ ಹನಿ ವ್ಯವಸ್ಥೆಯಲ್ಲಿ ಅದು ಶೇ 85ರಿಂದ 90. ಎರೆ ಮಣ್ಣಿನ ಅಚ್ಚುಕಟ್ಟಿನಲ್ಲಿ ಹೆಚ್ಚಾದ ನೀರು ಬರೀ ವ್ಯರ್ಥವಾಗುವುದಲ್ಲ, ತಗ್ಗಿನ ಹೊಲಗಳಲ್ಲಿ ಜೌಗು ಮತ್ತು ಚೌಳಿಗೂ ಕಾರಣವಾಗುತ್ತದೆ. ಹನಿ ನೀರಾವರಿಯ ಲಾಭವನ್ನು ನೀರು ಕಡಿಮೆ ಇರುವೆಡೆಗೆ ಮಾತ್ರ ಸೀಮಿತವಾಗಿ ನೋಡುವುದು ಸರಿಯಲ್ಲ. ನೀರು ಹೆಚ್ಚಾಗಿರುವಲ್ಲೂ ಅದು ಮಣ್ಣನ್ನು ಕಾಯುತ್ತದೆ.

ಹೊದಿಕೆಯ ಕೆಲಸ

ಬರಿನೆಲ ಬಿಸಿಲಿಗೆ ಕಾದಾಗ ಮೇಲಿನ ಪದರದ ತೇವ ಆವಿಯಾಗಿ, ಕೆಳಗಿನ ತೇವ ಸಣ್ಣ ರಂಧ್ರಗಳ ಮೂಲಕ ಮೇಲೇರುತ್ತದೆ. ಹೊದಿಕೆ ಈ ಸರಣಿಯನ್ನು ಮೊದಲ ಹೆಜ್ಜೆಯಲ್ಲೇ ತಡೆಯುತ್ತದೆ. ಮಳೆಹನಿಯ ಪೆಟ್ಟು ಮಣ್ಣಿಗೆ ನೇರ ತಾಗದೆ ಮೇಲ್ಪದರ ಗಟ್ಟಿಯಾಗುವುದು ತಪ್ಪುತ್ತದೆ, ನೀರು ಇಂಗುತ್ತದೆ. ಕಳೆಗಳಿಗೆ ಬೆಳಕು ಸಿಗುವುದಿಲ್ಲ. ಹುಲ್ಲು, ಎಲೆಯ ಹೊದಿಕೆ ಬೇಸಿಗೆಯ ಮಧ್ಯಾಹ್ನ ಮಣ್ಣನ್ನು ತಂಪಾಗಿಡುತ್ತದೆ. ಬಾಳೆ, ಅಡಿಕೆಯಂತೆ ಬೇರು ಮೇಲ್ಪದರದಲ್ಲೇ ಹರಡುವ ಬೆಳೆಗಳಿಗೆ ಇದು ದೊಡ್ಡ ಆಸರೆ. ಕೊಳೆತ ಮೇಲೆ ಮಣ್ಣಿನ ಸಾವಯವ ಅಂಶ ಹೆಚ್ಚುತ್ತದೆ, ಎರೆಹುಳು ಸೇರುತ್ತವೆ.

ಹನಿ ನೀರಾವರಿ ಹೊದಿಕೆಯನ್ನು ಅನಗತ್ಯ ಮಾಡುವುದಿಲ್ಲ, ಇನ್ನಷ್ಟು ಅಗತ್ಯ ಮಾಡುತ್ತದೆ. ಹನಿ ಬಿದ್ದ ಜಾಗ ದಿನವೂ ಒದ್ದೆಯಾಗಿರುವುದರಿಂದ ಆ ಚಿಕ್ಕ ವೃತ್ತದಿಂದ ದಿನವೂ ಆವಿ ಏಳುತ್ತದೆ; ಹೊದಿಕೆಯ ಕೆಳಗೆ ಹನಿ ಬಿದ್ದರೆ ಆ ನಷ್ಟ ನಿಲ್ಲುತ್ತದೆ. ಬಿಸಿಲಿಗೆ ಲ್ಯಾಟರಲ್ ಪೈಪು ಬಿರಿಯುವುದೂ ತಗ್ಗುತ್ತದೆ.

ಹೊದಿಕೆಯ ಬಗೆಗಳು

ಭತ್ತದ ಹುಲ್ಲು. ಭದ್ರಾ ಅಚ್ಚುಕಟ್ಟಿನ ಅತ್ಯಂತ ದೊಡ್ಡ ಹೊದಿಕೆ ಮೂಲ ಇದು. ದನದ ಮೇವಿಗೂ ಇದೇ ಬೇಕಾದ್ದರಿಂದ ಪೈಪೋಟಿ ಇದೆ. ಆದರೆ ಕಟಾವು ಯಂತ್ರದಲ್ಲಿ ಕೊಯ್ದ ಗದ್ದೆಗಳಲ್ಲಿ ಹುಲ್ಲು ಸುಡುವ ರೂಢಿಯೂ ಇದೆ. ಹೀಗೆ ಸುಡುವ ಹುಲ್ಲು ಸೇರಬೇಕಾದ ಜಾಗ ತೋಟದ ಗಿಡಗಳ ಬುಡ. ಒಂದು ಮೀಟರ್ ತ್ರಿಜ್ಯದ ಪಾತಿಗೆ 10 ಸೆಂ.ಮೀ. ದಪ್ಪ ಹರಡಲು ಸುಮಾರು 15ರಿಂದ 20 ಕೆ.ಜಿ. ಒಣಹುಲ್ಲು ಬೇಕು. 12 ಅಡಿ ಸಾಲು, 10 ಅಡಿ ಗಿಡದ ಅಂತರದ ದಾಳಿಂಬೆ ತೋಟದಲ್ಲಿ ಎಕರೆಗೆ ಸುಮಾರು 360 ಗಿಡ. ಹುಲ್ಲು ಐದೂವರೆ ಟನ್ನಿಗೆ ಕಡಿಮೆಯಾಗದು. ಅಂದರೆ ಒಂದು ಎಕರೆ ತೋಟ ಮುಚ್ಚಲು ಎರಡು ಮೂರು ಎಕರೆ ಗದ್ದೆಯ ಹುಲ್ಲು ಹೋಗುತ್ತದೆ. ಬೇಲರ್ ಯಂತ್ರ ಕಟ್ಟಿದ ಹುಲ್ಲಿನ ಪಿಂಡಿಯನ್ನು ಅಚ್ಚುಕಟ್ಟಿನಿಂದ ಜಗಳೂರಿನ ಕಡೆಗೆ ಸಾಗಿಸುವುದು ಸುಲಭ. ಸಾಗಣೆ ಮತ್ತು ಕೂಲಿಯ ಖರ್ಚೇ ತಡೆ.

ಮೆಕ್ಕೆಜೋಳದ ದಂಟು. ದಾವಣಗೆರೆ ರಾಜ್ಯದ ಪ್ರಮುಖ ಮೆಕ್ಕೆಜೋಳ ಜಿಲ್ಲೆಗಳಲ್ಲೊಂದು. ದಂಟು ಹುಲ್ಲಿಗಿಂತ ನಿಧಾನ ಕೊಳೆಯುತ್ತದೆ. ಹಾಗೇ ಹಾಸಿದರೆ ಸಂದು ಉಳಿಯುತ್ತದೆ, ಕತ್ತರಿಸಿ ಹರಡಬೇಕು. ತೆನೆ ಬಿಡಿಸಿದ ಮೇಲೆ ರಾಶಿಬೀಳುವ ಬೆಂಡು ಕೂಡ ಪಾತಿಗೆ ಆಗುತ್ತದೆ.

ಅಡಿಕೆ ಸಿಪ್ಪೆ. ಹಸಿ ಅಡಿಕೆ ಸುಲಿದು ಬೇಯಿಸುವ ಚನ್ನಗಿರಿ, ಹೊನ್ನಾಳಿ ಸೀಮೆಯಲ್ಲಿ ಸುಗ್ಗಿಯ ಹೊತ್ತಿಗೆ ರಸ್ತೆಬದಿಯಲ್ಲೂ ಸಿಪ್ಪೆಯ ಗುಡ್ಡೆಗಳಿರುತ್ತವೆ. ಬೆಂಕಿಯಿಟ್ಟು ದಿನಗಟ್ಟಲೆ ಹೊಗೆಯಾಡಿಸುವುದೂ ಉಂಟು. ನಾರಿನ ಅಂಶ ಹೆಚ್ಚಿರುವುದರಿಂದ ಸಿಪ್ಪೆ ನಿಧಾನ ಕೊಳೆಯುತ್ತದೆ. ಗೊಬ್ಬರಕ್ಕೆ ಇದು ಕೊರತೆ, ಹೊದಿಕೆಗೆ ಇದೇ ಗುಣ. ಪೊಟ್ಯಾಷ್ ಅಂಶವೂ ಇದೆ. ಹಸಿ ಸಿಪ್ಪೆಯನ್ನು ನೇರ ಬುಡಕ್ಕೆ ದಪ್ಪನಾಗಿ ಸುರಿಯದೆ, ಸಗಣಿ ಬಗ್ಗಡ ಎರಚಿ ಕೆಲಕಾಲ ಬಿಟ್ಟು ಬಳಸುವುದು ಒಳ್ಳೆಯದು. ಈ ಪ್ರದೇಶಕ್ಕೆ ಇಷ್ಟು ಹತ್ತಿರ, ಇಷ್ಟು ಧಾರಾಳವಾಗಿ, ಮೇವಿನ ಪೈಪೋಟಿಯಿಲ್ಲದೆ ಸಿಗುವ ಹೊದಿಕೆ ಬೇರೆ ಇಲ್ಲ.

ಭತ್ತದ ಹೊಟ್ಟು ದಾವಣಗೆರೆ, ಹರಿಹರದ ಅಕ್ಕಿ ಗಿರಣಿಗಳಿಂದ ಸಿಗುತ್ತದೆ. ಗಾಳಿಗೆ ಹಾರುವುದು ಅದರ ತೊಂದರೆ. ತೆಂಗಿನ ಸಿಪ್ಪೆ ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಉಬ್ಬಿದ ಬದಿ ಮೇಲಾಗುವಂತೆ ಪಾತಿಯಲ್ಲಿ ಜೋಡಿಸುತ್ತಾರೆ. ತೋಟದಲ್ಲೇ ಬೀಳುವ ಅಡಿಕೆ ಸೋಗೆ, ತೆಂಗಿನ ಗರಿ, ಬಾಳೆಯ ಒಣ ಎಲೆ ಮತ್ತು ಕಡಿದ ದಿಂಡು ಹೊರಗೆ ಹೋಗದಿದ್ದರೆ ಅರ್ಧ ಕೆಲಸ ಆದಂತೆ. ಬದುವಿನ ಗ್ಲಿರಿಸಿಡಿಯಾ ಗಿಡ ಮಳೆಗಾಲದಲ್ಲಿ ಸವರಿದಷ್ಟೂ ಚಿಗುರಿ ಸೊಪ್ಪು ಕೊಡುತ್ತದೆ.

ಸಜೀವ ಹೊದಿಕೆ. ಸಾಲುಗಳ ನಡುವೆ ಹುರುಳಿ, ಅಲಸಂದೆ, ಸೆಣಬು ಅಥವಾ ವೆಲ್ವೆಟ್ ಬೀನ್ಸ್ ಬಿತ್ತಿ, ಹೂ ಬರುವ ಹೊತ್ತಿಗೆ ಕೊಯ್ದು ಅಲ್ಲೇ ಹಾಸುವುದು. ಮಳೆಗಾಲದಲ್ಲಿ ಇದು ಅಗ್ಗ, ಸಾರಜನಕವೂ ಸಿಗುತ್ತದೆ. ಬೇಸಿಗೆಯಲ್ಲಿ ಬದುಕಿರುವ ಬಳ್ಳಿ ತಾನೇ ನೀರು ಕುಡಿಯುತ್ತದೆ. ಆದ್ದರಿಂದ ಒಣವಲಯದಲ್ಲಿ ಹಿಂಗಾರು ಮುಗಿಯುವಷ್ಟರಲ್ಲಿ ಅದನ್ನು ಕತ್ತರಿಸಿ ಒಣ ಹೊದಿಕೆಯಾಗಿ ಬದಲಿಸಬೇಕು.

ಪ್ಲಾಸ್ಟಿಕ್ ಹಾಳೆ. ಮೂರು ನಾಲ್ಕು ತಿಂಗಳ ಬೆಳೆಗೆ 25 ಮೈಕ್ರಾನ್, ವರ್ಷದ ಬೆಳೆಗೆ 50, ಬಹುವಾರ್ಷಿಕ ತೋಟಕ್ಕೆ 100 ಮೈಕ್ರಾನ್ ದಪ್ಪದ ಹಾಳೆ ರೂಢಿಯಲ್ಲಿದೆ. ಕಪ್ಪು ಹಾಳೆ ಕಳೆ ತಡೆಯುತ್ತದೆ, ಆದರೆ ಮಣ್ಣಿನ ಬಿಸಿ ಏರಿಸುತ್ತದೆ. ಬೆಳ್ಳಿ–ಕಪ್ಪು ಹಾಳೆಯನ್ನು ಬೆಳ್ಳಿ ಬದಿ ಮೇಲಾಗಿ ಹಾಸಿದರೆ ಬಿಸಿಲನ್ನು ಹಿಂದಕ್ಕೆ ಹೊಡೆಯುತ್ತದೆ. ದಾವಣಗೆರೆಯ ಬೇಸಿಗೆಗೆ ಇದೇ ತಕ್ಕದ್ದು. ಪಾರದರ್ಶಕ ಹಾಳೆಯನ್ನು ಹೊದಿಕೆಗಿಂತ ಮಣ್ಣಿನ ರೋಗಾಣುಗಳನ್ನು ಬಿಸಿಲಿನಿಂದ ಕೊಲ್ಲಲು ಬಳಸುತ್ತಾರೆ. ಪ್ಲಾಸ್ಟಿಕ್ ಆವಿಯನ್ನು ಹುಲ್ಲಿಗಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಮಳೆನೀರನ್ನೂ ಒಳಬಿಡುವುದಿಲ್ಲ, ಮಣ್ಣಿಗೆ ಏನನ್ನೂ ಕೊಡುವುದಿಲ್ಲ. ವರ್ಷಕ್ಕೆ 600 ಮಿ.ಮೀ. ಮಳೆ ಬೀಳುವಲ್ಲಿ ಆ ಮಳೆಯೇ ಮೊದಲ ನೀರಾವರಿ. ಅದನ್ನು ಬೇರಿನಿಂದ ದೂರ ಹರಿಸುವ ಹಾಳೆಯನ್ನು ದೀರ್ಘಕಾಲದ ಹಣ್ಣಿನ ಮರಗಳಿಗೆ ಹಾಕುವಾಗ ಯೋಚಿಸಬೇಕು. ಅಲ್ಪಾವಧಿಯ ಪಪ್ಪಾಯಿ, ಕಲ್ಲಂಗಡಿ, ಕರಬೂಜಕ್ಕೆ ಅದು ಒಪ್ಪುತ್ತದೆ.

ಬೆಳೆವಾರು ಬಳಕೆ

ದಾಳಿಂಬೆ. ಜಗಳೂರು ಮತ್ತು ದಾವಣಗೆರೆಯ ಒಣಭಾಗದ ಮುಖ್ಯ ಹಣ್ಣಿನ ಬೆಳೆ. ನೀರು ನಿಲ್ಲಿಸಿ ಗಿಡಕ್ಕೆ ವಿಶ್ರಾಂತಿ ಕೊಟ್ಟು, ಎಲೆ ಉದುರಿದ ಮೇಲೆ ಗೊಬ್ಬರ ಮತ್ತು ನೀರು ಕೊಟ್ಟು ಹೂ ಬರಿಸುವ ಕ್ರಮಕ್ಕೆ ಬಹಾರ್ ಎನ್ನುತ್ತಾರೆ. ಜನವರಿ–ಫೆಬ್ರವರಿಯದು ಅಂಬೆ ಬಹಾರ್, ಮುಂಗಾರಿನದು ಮೃಗ ಬಹಾರ್, ಸೆಪ್ಟೆಂಬರ್–ಅಕ್ಟೋಬರಿನದು ಹಸ್ತ ಬಹಾರ್. ಅಂಬೆ ಬಹಾರಿನಲ್ಲಿ ಕಾಯಿ ಬಲಿಯುವುದು ಪೂರ್ತಿ ಬೇಸಿಗೆಯಲ್ಲಿ. ಕೊಳವೆಬಾವಿ ಇಳಿಯುವುದೂ ಅದೇ ಕಾಲ. ಮೃಗ ಬಹಾರಿಗೆ ನೀರು ಸಾಲುತ್ತದೆ, ಆದರೆ ಮಳೆಯ ತೇವದಲ್ಲಿ ದುಂಡಾಣು ಅಂಗಮಾರಿ ಹೆಚ್ಚುತ್ತದೆ. ನೀರು ಮತ್ತು ರೋಗ ಎರಡನ್ನೂ ತೂಗಿ ಹಸ್ತ ಬಹಾರನ್ನು ಆಯುವ ಬೆಳೆಗಾರರಿದ್ದಾರೆ. ದಾಳಿಂಬೆಯಲ್ಲಿ ನೀರಿನ ಪ್ರಮಾಣಕ್ಕಿಂತ ನಿಯಮ ಮುಖ್ಯ. ಒಣಗಿದ ಮಣ್ಣಿಗೆ ಒಮ್ಮೆಲೇ ಹೆಚ್ಚು ನೀರು ಬಿದ್ದರೆ ಸಿಪ್ಪೆಯ ಬೆಳವಣಿಗೆಗಿಂತ ಒಳಗಿನ ಕಾಳಿನ ಹಿಗ್ಗು ಹೆಚ್ಚಾಗಿ ಹಣ್ಣು ಬಿರಿಯುತ್ತದೆ. ಹೊದಿಕೆ ತೇವದ ಈ ಏರಿಳಿತವನ್ನು ತಗ್ಗಿಸುವುದರಿಂದ ನೀರುಳಿತಾಯದ ಜೊತೆಗೆ ಹಣ್ಣಿನ ದರ್ಜೆಯನ್ನೂ ಉಳಿಸುತ್ತದೆ. ಸೊರಗು ರೋಗ ಇರುವ ತೋಟದಲ್ಲಿ ಕಾಂಡಕ್ಕೆ ತಾಗಿ ನೀರು ನಿಲ್ಲಬಾರದು. ಡ್ರಿಪ್ಪರುಗಳನ್ನು ಗಿಡ ಬೆಳೆದಂತೆ ಹೊರಕ್ಕೆ ಸರಿಸುತ್ತಾರೆ.

ಮಾವು. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಸುತ್ತಲಿನ ತೋಪುಗಳು ಬಹುಪಾಲು ಮಳೆಯಾಶ್ರಿತ. ಬೆಳೆದ ಮರಕ್ಕೆ ಹೂ ಬಿಡುವ ಮುಂಚಿನ ಎರಡು ಮೂರು ತಿಂಗಳು ನೀರು ಕೊಡಬಾರದು. ಕೊಟ್ಟರೆ ಹೂವಿನ ಬದಲು ಚಿಗುರು ಬರುತ್ತದೆ. ಕಾಯಿ ಬಟಾಣಿ ಗಾತ್ರ ಬಂದ ಮೇಲೆ ನೀರು ಕೊಟ್ಟರೆ ಕಾಯಿ ಉದುರುವುದು ತಗ್ಗುತ್ತದೆ. ಹೊಸ ತೋಪಿನಲ್ಲಿ ಮೊದಲ ಮೂರು ಬೇಸಿಗೆ ದಾಟಿಸುವುದೇ ಸವಾಲು. ಪಾತಿ, ದಪ್ಪ ಹೊದಿಕೆ ಮತ್ತು ಒಂದು ಗಡಿಗೆ ಇದ್ದರೆ ಟ್ಯಾಂಕರ್ ನೀರಿನಲ್ಲೂ ಸಸಿ ಉಳಿಯುತ್ತದೆ.

ಬಾಳೆಗೆ ನೀರಿನ ಕೊರತೆ ಕೂಡಲೇ ತಟ್ಟುತ್ತದೆ. ಹನಿ ನೀರು, ರಸಾವರಿ ಮತ್ತು ತೋಟದ್ದೇ ಬಾಳೆ ಕಸದ ಹೊದಿಕೆ ಇದಕ್ಕೆ ಹೊಂದುವ ಕಟ್ಟು. ಪಪ್ಪಾಯಿಯ ಬುಡ ನೀರು ನಿಂತರೆ ಕೊಳೆಯುತ್ತದೆ. ಏರುಮಡಿಯ ಮೇಲೆ ಬೆಳ್ಳಿ–ಕಪ್ಪು ಹಾಳೆ ಹಾಸಿ ನಡೆಸುತ್ತಾರೆ. ಸಪೋಟ, ಪೇರಲ ಗಟ್ಟಿ ಮರಗಳು, ಕಡಿಮೆ ನೀರಿಗೂ ತಾಳುತ್ತವೆ.

ಅಡಿಕೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. 9 ಅಡಿ ಅಂತರದಲ್ಲಿ ಎಕರೆಗೆ ಸುಮಾರು 535 ಮರ. ಅಂದರೆ ಮಿತವಾಗಿ ಕೊಟ್ಟರೂ ಎಕರೆಗೆ ದಿನಕ್ಕೆ 8,500ರಿಂದ 10,700 ಲೀಟರ್. 2023ರ ಮಳೆ ಕೊರತೆಯ ನಂತರ 2024ರ ಬೇಸಿಗೆಯಲ್ಲಿ ಚನ್ನಗಿರಿ ಸೀಮೆಯ ಬೆಳೆಗಾರರು ಟ್ಯಾಂಕರ್ ನೀರು ಕೊಂಡು ತೋಟ ಉಳಿಸಬೇಕಾಯಿತು. ಮೇಲಿನ ಲೆಕ್ಕ ನೋಡಿದರೆ ಆ ಖರ್ಚಿನ ಭಾರ ಅರಿವಾಗುತ್ತದೆ.

ತೊಂದರೆಗಳು ಮತ್ತು ಎಚ್ಚರಿಕೆ

ಕೆಂಪು ಮಣ್ಣಿನಲ್ಲಿ ಒಣಹುಲ್ಲಿಗೆ ಗೆದ್ದಲು ಬರುತ್ತದೆ. ಹೊದಿಕೆಯನ್ನು ಕಾಂಡದಿಂದ 15ರಿಂದ 20 ಸೆಂ.ಮೀ. ದೂರವಿಟ್ಟರೆ ಗೆದ್ದಲೂ ಬುಡಕೊಳೆಯೂ ತಗ್ಗುತ್ತವೆ. ಹುಲ್ಲು, ದಂಟು ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾತ್ಕಾಲಿಕವಾಗಿ ಹಿಡಿದಿಡುತ್ತವೆ, ಎಲೆ ಹಳದಿಯಾಗುತ್ತದೆ. ಸಗಣಿ ಬಗ್ಗಡ ಅಥವಾ ಸ್ವಲ್ಪ ಯೂರಿಯಾ ಇದಕ್ಕೆ ಪರಿಹಾರ. ಬೇಸಿಗೆಯಲ್ಲಿ ಬೆಂಕಿಯ ಅಪಾಯವಿದೆ, ತೋಟದಂಚಿನಲ್ಲಿ ಹೊದಿಕೆಯಿಲ್ಲದ ಪಟ್ಟಿ ಬಿಡಬೇಕು. ತೆಂಗಿನ ತೋಟದಲ್ಲಿ ಕೊಳೆಯುವ ರಾಶಿ ಕೊಂಬಿನ ದುಂಬಿಯ ಮರಿಗಳಿಗೆ ನೆಲೆಯಾಗುತ್ತದೆ; ರಾಶಿ ಹಾಕದೆ ತೆಳ್ಳಗೆ ಹರಡಬೇಕು. ಲ್ಯಾಟರಲ್ ಪೈಪನ್ನು ಇಲಿ, ಅಳಿಲು ಕಡಿಯುತ್ತವೆ. ಹೊದಿಕೆಯ ಕೆಳಗಿರುವ ಡ್ರಿಪ್ಪರ್ ಕಟ್ಟಿಕೊಂಡರೆ ಕಾಣುವುದಿಲ್ಲ, ಗಿಡ ಬಾಡಿದಾಗಲೇ ತಿಳಿಯುತ್ತದೆ. ತಿಂಗಳಿಗೊಮ್ಮೆ ಹೊದಿಕೆ ಸರಿಸಿ ನೋಡುವುದು ಅನಿವಾರ್ಯ.

ಪ್ಲಾಸ್ಟಿಕ್ ಹಾಳೆಯ ತೊಂದರೆ ಬೆಳೆ ಮುಗಿದ ಮೇಲೆ ಶುರುವಾಗುತ್ತದೆ. ತೆಳು ಹಾಳೆ ಬಿಸಿಲಿಗೆ ಚಿಂದಿಯಾಗಿ ಪೂರ್ತಿ ಕಿತ್ತು ತೆಗೆಯಲಾಗದೆ ಉಳುಮೆಯಲ್ಲಿ ಮಣ್ಣಿಗೆ ಸೇರುತ್ತದೆ. ಮಣ್ಣು ಮೆತ್ತಿದ ಹಾಳೆಯನ್ನು ಗುಜರಿಯವರೂ ಕೊಳ್ಳಲು ಹಿಂಜರಿಯುತ್ತಾರೆ, ಬದುವಿನಲ್ಲಿ ಸುಡುವುದು ನಡೆದಿದೆ. ದಪ್ಪ ಹಾಳೆ ದುಬಾರಿಯಾದರೂ ಇಡಿಯಾಗಿ ಕಿತ್ತುಬರುತ್ತದೆ.

ನೆರವು ಮತ್ತು ಸಂಸ್ಥೆಗಳು

ಹನಿ ನೀರಾವರಿಗೆ ಸಹಾಯಧನ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಸೂಕ್ಷ್ಮ ನೀರಾವರಿ ಭಾಗದಿಂದ ಬರುತ್ತಿತ್ತು. 2022–23ರಿಂದ ಅದು ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯಡಿ ನಡೆಯುತ್ತಿದೆ. ಕರ್ನಾಟಕ ತನ್ನ ಪಾಲು ಸೇರಿಸಿ 2 ಹೆಕ್ಟೇರಿನವರೆಗೆ ಶೇ 90ರಷ್ಟು ಸಹಾಯಧನ ಕೊಡುತ್ತ ಬಂದಿದೆ. ತೋಟದ ಬೆಳೆಗಳಿಗೆ ತೋಟಗಾರಿಕೆ ಇಲಾಖೆ ಇದನ್ನು ನಡೆಸುತ್ತದೆ. ಒಮ್ಮೆ ಪಡೆದ ಜಮೀನಿಗೆ ಮತ್ತೆ ಸಿಗಲು ಏಳು ವರ್ಷ ಕಾಯಬೇಕು. ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್ನಿನ 2014ರ ಮಾರ್ಗಸೂಚಿ ಪ್ಲಾಸ್ಟಿಕ್ ಹೊದಿಕೆಗೆ ಹೆಕ್ಟೇರಿಗೆ 32,000 ರೂ. ವೆಚ್ಚವೆಂದು ಹಿಡಿದು ಅರ್ಧ ಭರಿಸುವ ಅವಕಾಶ ಮಾಡಿತು. ಹುಲ್ಲು, ಸಿಪ್ಪೆ, ಸೊಪ್ಪಿನ ಹೊದಿಕೆಗೆ, ಅದನ್ನು ಸಾಗಿಸಿ ಹರಡುವ ಕೂಲಿಗೆ ಇದಕ್ಕೆ ಸಮನಾದ ನೆರವಿನ ಬಾಬತ್ತು ಅದರಲ್ಲಿಲ್ಲ. ಕೊಳವೆ ತುಂಬಿದರೂ ನೆಲ ಬರಿದಾಗಿ ಉಳಿದಿರುವ ತೋಟಗಳು ಈ ಅಸಮತೆಯ ಫಲ.

ತಾಂತ್ರಿಕ ಸಲಹೆಗೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯ ಸಂಶೋಧನಾ ಕೇಂದ್ರ ಮತ್ತು ಅದು ಸೇರಿರುವ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ಇವೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹಣ್ಣಿನ ಬೆಳೆಗಳ ರಾಷ್ಟ್ರೀಯ ಕೇಂದ್ರ. ಪುತ್ತೂರಿನಿಂದ 1988ರಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ ನೀರು ಮತ್ತು ಹೊದಿಕೆಯ ಬಗ್ಗೆ ಕೃಷಿಕರ ಅನುಭವಗಳನ್ನು ಅವರ ನುಡಿಯಲ್ಲೇ ದಾಖಲಿಸಿದೆ.

ಇಂದಿನ ಸ್ಥಿತಿ

ಒಣಭಾಗದ ಹಣ್ಣಿನ ತೋಟಗಳಲ್ಲಿ ಹನಿ ನೀರಾವರಿ ಸಾಮಾನ್ಯವಾಗಿದೆ. ಹನಿ ಇಲ್ಲದೆ ದಾಳಿಂಬೆ ತೋಟ ಮಾಡುವವರು ವಿರಳ. ಅಚ್ಚುಕಟ್ಟಿನ ಅಡಿಕೆ, ತೆಂಗಿನ ತೋಟಗಳಲ್ಲಿ ನಾಲೆಯ ನೀರು ಬಂದಾಗ ಹಾಯಿಸಿ, ನಿಂತಾಗ ಕೊಳವೆಬಾವಿಯಿಂದ ಹನಿ ಕೊಡುವ ಎರಡು ಬಗೆಯ ಕ್ರಮ ಕಾಣುತ್ತದೆ. 2023ರಲ್ಲಿ ಭದ್ರಾ ಜಲಾಶಯ ತುಂಬದೆ ನಾಲೆ ನೀರಿನ ಬಿಡುಗಡೆ ವಿವಾದವಾಗಿ ದಾವಣಗೆರೆ ಭಾಗದ ರೈತರು ಬೀದಿಗಿಳಿದಿದ್ದರು.

ಹನಿಯಿಂದ ಉಳಿದ ನೀರು ಅಂತರ್ಜಲವಾಗಿ ಉಳಿಯುತ್ತಿದೆಯೇ ಎಂಬುದು ಬೇರೆ ವಿಷಯ. ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಕೃಷಿ ಪಂಪಿಗೆ ವಿದ್ಯುತ್ ಉಚಿತ. ಎರಡು ಎಕರೆಯ ನೀರು ಮೂರು ಎಕರೆಗೆ ಸಾಲುವಂತಾದಾಗ ಮೂರನೆಯ ಎಕರೆಗೂ ಗಿಡ ನೆಡುವುದು ಸಹಜ. ಬೆಳೆಗಾರನ ಆದಾಯ ಹೆಚ್ಚುತ್ತದೆ, ಬಾವಿಯಿಂದ ಎತ್ತುವ ನೀರು ಕಡಿಮೆಯಾಗುವುದಿಲ್ಲ. ಮಳೆನೀರು ಇಂಗಿಸುವ ಬದು, ಹೊಂಡ, ಕೆರೆ ಮತ್ತು ನೆಲದ ಹೊದಿಕೆ ಜೊತೆಗಿದ್ದಾಗ ಮಾತ್ರ ಅಂತರ್ಜಲದ ಕಡೆಗೂ ಲೆಕ್ಕ ಸರಿಹೋಗುತ್ತದೆ.

ಭದ್ರಾ ಮೇಲ್ದಂಡೆ ಯೋಜನೆ 29.90 ಟಿಎಂಸಿ ನೀರಿನಿಂದ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಮತ್ತು ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಸೂಕ್ಷ್ಮ ನೀರಾವರಿಯಲ್ಲೇ ನೀರು ಕೊಡುವಂತೆ ರೂಪುಗೊಂಡಿದೆ. 2023–24ರ ಕೇಂದ್ರ ಬಜೆಟ್ ಇದಕ್ಕೆ 5,300 ಕೋಟಿ ರೂ. ನೆರವು ಘೋಷಿಸಿತು. ಜಗಳೂರು ತಾಲ್ಲೂಕು ಇದರ ವ್ಯಾಪ್ತಿಯಲ್ಲಿದೆ. ಇಷ್ಟು ದೊಡ್ಡ ಪ್ರಮಾಣದ ಸಾಮೂಹಿಕ ಹನಿ ನೀರಾವರಿಯ ಅನುಭವ ರಾಜ್ಯಕ್ಕೆ ಇರುವುದು ಬಾಗಲಕೋಟೆ ಜಿಲ್ಲೆ ಹುನಗುಂದದ ರಾಮಥಾಳ ಯೋಜನೆಯಿಂದ. ಸುಮಾರು 24,000 ಹೆಕ್ಟೇರಿನ ಆ ಯೋಜನೆಯಲ್ಲಿ ಕೊಳವೆಗಳು ಹಾಳಾಗಿ ನಿರ್ವಹಣೆ ಕುಂಟಿದ ವರದಿಗಳಿವೆ. ಒಬ್ಬರ ಹೊಲದ ಕೊಳವೆಯನ್ನು ಆ ಒಬ್ಬರೇ ಕಾಯುತ್ತಾರೆ. ನೂರಾರು ಹೊಲಗಳಿಗೆ ಸಾಗುವ ಕೊಳವೆ, ಫಿಲ್ಟರ್, ಸರದಿಯ ಹೊಣೆ ಹೊರಲು ನೀರು ಬಳಕೆದಾರರ ಸಂಘಗಳು ಗಟ್ಟಿಯಿರಬೇಕು. ಜಗಳೂರಿನ ರೈತರು ಈಗಾಗಲೇ ತಮ್ಮ ಕೊಳವೆಬಾವಿಯ ಮೇಲೆ ಹನಿ ವ್ಯವಸ್ಥೆ ನಡೆಸಿ ಬಲ್ಲವರಾದ್ದರಿಂದ, ಫಿಲ್ಟರ್ ತೊಳೆಯುವುದರಿಂದ ಹಿಡಿದು ನೀರಿನ ಹೊತ್ತು ಗೊತ್ತುಮಾಡುವವರೆಗೆ ಅವರ ಕೈಗೆ ಬೇಕಾದ ತರಬೇತಿ ಬೇರೆಡೆಗಿಂತ ಕಡಿಮೆ.